ಇವಿ ದೀಪದ ಬೆನ್ನು ಹತ್ತಬೇಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೈಬ್ರಿಡ್ ಕಾರಿನ, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಕರೆಂಟಿನ ಮೋಟರೂ ಇರುವ ಕಾರಿನ, ಮೈಲೇಜ್ ಬಗ್ಗೆಯೇ ಇವೆ. ಬಹಳ ವರ್ಷ ಇಂಥ ಗಾಡಿಗಳ ಸರ್ವಿಸ್ ಕೆಲಸ ಮಾಡಿದವನಿಗೆ ಇದು ಸಂತೋಷದ ವಿಷಯ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ. ಉಳಿದ ಪ್ರಶ್ನೆಗಳ ಬೇರೂ ಅಲ್ಲೇ ಇರುವುದರಿಂದ ಅದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಇಂಜಿನ್ ಚಾಲೂ ಆಗದ ಹಾಗೆ ಆಕ್ಸಿಲರೇಟರನ್ನು ಮುಟ್ಟಿಯೂ ಮುಟ್ಟದಂತೆ ಒತ್ತಿ ಓಡಿಸುತ್ತೇನೆ. ಡ್ಯಾಶ್‌ಬೋರ್ಡಿನಲ್ಲಿ ಗಾಡಿ ಬರೀ ಕರೆಂಟಿನಲ್ಲಿ ಓಡುತ್ತಿದೆ ಎಂದು ತೋರಿಸುವ ಇವಿ ದೀಪ ಸಾಕಷ್ಟು ಹೊತ್ತು ಉರಿಯುತ್ತದೆ. ಆದರೂ ಲೀಟರಿಗೆ 19 ಕಿ.ಮೀ. ದಾಟುತ್ತಿಲ್ಲ. ನನ್ನ ತಮ್ಮನದೂ ಇದೇ ಮಾಡೆಲ್. ಅವನು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳದೆ 23 ತೆಗೆಯುತ್ತಾನೆ. ನನ್ನ ಗಾಡಿಯ ಬ್ಯಾಟರಿ ಕೆಟ್ಟಿರಬಹುದೇ?

ಉತ್ತರ: ನೀವು ಬರೆದ ಲಕ್ಷಣ ನೋಡಿದರೆ ಬ್ಯಾಟರಿಗಿಂತ ಮೊದಲು ಓಡಿಸುವ ರೀತಿಯನ್ನು ನೋಡಬೇಕು ಅನ್ನಿಸುತ್ತದೆ. ನಿಮ್ಮ ಕಾರಿಗೆ ಹೊರಗಿನಿಂದ ಚಾರ್ಜ್ ಮಾಡುವ ಪ್ಲಗ್ ಇಲ್ಲ. ಹಾಗಾಗಿ ಅದು ಓಡುವ ಪ್ರತಿ ಮೀಟರಿಗೂ ಬೇಕಾದ ಶಕ್ತಿ ಕೊನೆಗೆ ಪೆಟ್ರೋಲ್ ಟ್ಯಾಂಕಿನಿಂದಲೇ ಬರಬೇಕು. ಇವಿ ದೀಪ ಉರಿಯುವಾಗ ಖರ್ಚಾಗುವ ಕರೆಂಟು ಈ ಮೊದಲೇ ಇಂಜಿನ್ ತುಂಬಿಸಿಟ್ಟದ್ದು, ಇಲ್ಲವೇ ಬ್ರೇಕ್ ಒತ್ತಿದಾಗ ಮೋಟರ್ ಜನರೇಟರಿನಂತೆ ತಿರುಗಿ ಮರಳಿ ಬಂದದ್ದು. ಬ್ರೇಕಿನಿಂದ ಬಂದದ್ದರ ಮೂಲವೂ ಪೆಟ್ರೋಲೇ.

ಇಂಜಿನ್ನಿನ ಶಕ್ತಿ ಬ್ಯಾಟರಿಗೆ ಹೋಗಿ, ಅಲ್ಲಿಂದ ಮೋಟರಿಗೆ ಬಂದು, ಆಮೇಲೆ ಚಕ್ರ ಮುಟ್ಟಬೇಕು. ಕೊಡದಿಂದ ಕೊಡಕ್ಕೆ ನೀರು ಸುರಿದ ಹಾಗೆ, ಪ್ರತಿ ಸಲ ಒಂದಿಷ್ಟು ಚೆಲ್ಲುತ್ತದೆ. ಒಂದೊಂದು ಹಂತದಲ್ಲಿ ನೂರಕ್ಕೆ ಹತ್ತೇ ಹೋಯಿತು ಅಂದುಕೊಳ್ಳಿ. ಮೂರು ಹಂತ ದಾಟುವಷ್ಟರಲ್ಲಿ ಉಳಿಯುವುದು 73. ಜೊತೆಗೆ ಇಂಥ ಕಾರುಗಳ ಬ್ಯಾಟರಿ ತೀರ ಚಿಕ್ಕದು, ಸಾಮಾನ್ಯವಾಗಿ ಒಂದೂವರೆ ಯೂನಿಟ್ ಕರೆಂಟಿನ ಆಸುಪಾಸು. ಬ್ಯಾಟರಿ ಬಾಳಿಕೆ ಬರಲೆಂದು ಕಾರು ಅದರಲ್ಲೂ ನಡುವಿನ ಒಂದು ಭಾಗವನ್ನು ಮಾತ್ರ ಬಳಸುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ ಸುಮಾರು 9 ಯೂನಿಟ್. ಇಷ್ಟು ಸಣ್ಣ ಬ್ಯಾಟರಿಯನ್ನು ಹಟ ಹಿಡಿದು ಬರಿದು ಮಾಡಿದರೆ ಇಂಜಿನ್ ಎದ್ದು ಗಾಡಿಯನ್ನೂ ಎಳೆಯಬೇಕು, ಬ್ಯಾಟರಿಯನ್ನೂ ತುಂಬಬೇಕು. ಸಿಗ್ನಲ್ಲಿನಲ್ಲಿ ನಿಂತಾಗಲೂ ಇಂಜಿನ್ ಗುರುಗುಟ್ಟುತ್ತದೆ ಎಂದು ನೀವೇ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಕಾರಣ ಬಹುಮಟ್ಟಿಗೆ ಇದೇ.

ಇನ್ನು ಇಂಜಿನ್ನಿನ ಸ್ವಭಾವ ನೋಡಿ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಪ್ರಿಯಸ್‌ನಿಂದ ಹಿಡಿದು ಇಂದಿನ ಹೆಚ್ಚಿನ ಹೈಬ್ರಿಡ್‌ಗಳವರೆಗೆ ಬಳಕೆಯಲ್ಲಿರುವುದು ಆಟ್ಕಿನ್ಸನ್ ಮಾದರಿಯ ಇಂಜಿನ್. ಒಳಬರುವ ಗಾಳಿಯ ವಾಲ್ವನ್ನು ಇದು ತಡವಾಗಿ ಮುಚ್ಚುತ್ತದೆ, ಹಾಗಾಗಿ ಉರಿದ ಅನಿಲ ಹಿಗ್ಗುವಾಗ ಅದರಿಂದ ಹೆಚ್ಚು ಕೆಲಸ ತೆಗೆಯುತ್ತದೆ. ಎಳೆಯುವ ಬಲ ಸ್ವಲ್ಪ ಕಡಿಮೆ, ಆ ಕೊರತೆಯನ್ನು ಮೋಟರ್ ತುಂಬುತ್ತದೆ. ಒಳ್ಳೆಯ ಹೈಬ್ರಿಡ್ ಇಂಜಿನ್ ತನಗೆ ಒಪ್ಪುವ ಭಾರದಲ್ಲಿ ದುಡಿದರೆ ಪೆಟ್ರೋಲಿನ ಶಕ್ತಿಯಲ್ಲಿ ನೂರಕ್ಕೆ 40ರಷ್ಟನ್ನು ಕೆಲಸವಾಗಿಸಬಲ್ಲದು. ಅದೇ ಇಂಜಿನ್ನಿಗೆ ತೀರ ಹಗುರ ಕೆಲಸ ಕೊಟ್ಟರೆ ಈ ಅಂಕಿ ಇಳಿದುಹೋಗುತ್ತದೆ. ನೀವು ಪೆಡಲನ್ನು ಸವರುತ್ತಾ ತೆವಳಿದಾಗ ಆಗುವುದು ಇದೇ. ಇಂಜಿನ್ ಏಳುತ್ತದೆ, ಆದರೆ ದಕ್ಷವಾಗಿ ದುಡಿಯುವ ಅವಕಾಶ ಅದಕ್ಕೆ ಸಿಗುವುದಿಲ್ಲ.

ನಿಮ್ಮ ತಮ್ಮ ಬಹುಶಃ ಹೀಗೆ ಓಡಿಸುತ್ತಾನೆ: ಸಿಗ್ನಲ್ ಬಿಟ್ಟ ಮೇಲೆ ಹಿಂಜರಿಯದೆ, ಹಾಗೆಂದು ಜೋರಾಗಿಯೂ ಅಲ್ಲದೆ, ಒಂದು ಹದದಲ್ಲಿ ಪೆಡಲ್ ಒತ್ತುತ್ತಾನೆ. ಇಂಜಿನ್ ಎದ್ದರೆ ಏಳಲಿ. ಬೇಕಾದ ವೇಗ ಬಂದ ಕೂಡಲೇ ಕಾಲನ್ನು ಒಮ್ಮೆ ಪೂರ್ತಿ ಎತ್ತಿ, ಮತ್ತೆ ಹಗುರವಾಗಿ ಇಡುತ್ತಾನೆ. ಆಗ ಇಂಜಿನ್ ತಾನಾಗಿ ಆರಿ, ಅದೇ ವೇಗ ಕಾಯುವ ಸಣ್ಣ ಕೆಲಸವನ್ನು ಮೋಟರ್ ನೋಡಿಕೊಳ್ಳುತ್ತದೆ. ವೇಗ ಪಡೆಯುವುದು ಇಂಜಿನ್ನಿನ ಕೆಲಸ, ಪಡೆದ ವೇಗವನ್ನು ಉಳಿಸುವುದು ಮೋಟರಿನ ಕೆಲಸ. ಇಂಜಿನ್ ಬರೀ ಜನರೇಟರಿನಂತೆ ಓಡಿ ಚಕ್ರವನ್ನು ಮೋಟರೇ ತಿರುಗಿಸುವ ಮಾದರಿಯ ಹೈಬ್ರಿಡ್ ಇದ್ದರೆ ಕಾಲು ಎತ್ತುವ ಈ ಉಪಾಯಕ್ಕೆ ಅಷ್ಟು ಬೆಲೆಯಿಲ್ಲ. ಆದರೆ ಮುಂದೆ ಹೇಳುವುದು ಎಲ್ಲ ಕಾರಿಗೂ ಸಲ್ಲುತ್ತದೆ.

ಅದು ಬ್ರೇಕಿನ ಮಾತು. 1400 ಕೆ.ಜಿ. ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನೆಯಲ್ಲಿ ಅಡಗಿರುವ ಶಕ್ತಿ ಸುಮಾರು 194 ಕಿಲೋಜೂಲ್. ಅಷ್ಟನ್ನು ಕೊಡಲು ಇಂಜಿನ್ ಸುಮಾರು 15ರಿಂದ 20 ಮಿಲಿಲೀಟರ್ ಪೆಟ್ರೋಲ್ ಸುಟ್ಟಿರುತ್ತದೆ. ನಿಂತು ಹೊರಡುವ ಪ್ರತಿ ಸಲವೂ ಈ ಖರ್ಚು ಇದ್ದದ್ದೇ. ಬ್ರೇಕ್ ಒತ್ತಿದಾಗ ಹೈಬ್ರಿಡ್ ಅದರಲ್ಲಿ ಒಂದು ಪಾಲನ್ನು ಮರಳಿ ಹಿಡಿಯುತ್ತದೆ, ಪೂರ್ತಿ ಅಲ್ಲ. ಸಿಗ್ನಲ್ಲಿಗೆ ನುಗ್ಗಿ ಬ್ರೇಕ್ ಒತ್ತಿ ಕರೆಂಟು ಮಾಡಿಕೊಂಡೆ ಎಂದು ಹಿಗ್ಗುವುದಕ್ಕಿಂತ, ಕೆಂಪು ದೀಪ ದೂರದಲ್ಲಿ ಕಂಡಾಗಲೇ ಕಾಲು ತೆಗೆದು, ಅಲ್ಲಿಗೆ ತಲುಪುವಷ್ಟರಲ್ಲಿ ಅದು ಹಸಿರಾಗುವಂತೆ ನೋಡಿಕೊಳ್ಳುವುದು ಎಷ್ಟೋ ಮೇಲು. ನಿಲ್ಲದೆ 30ರ ವೇಗದಲ್ಲೇ ದಾಟಿದರೂ, 60ರಲ್ಲಿದ್ದ ಶಕ್ತಿಯ ಕಾಲು ಭಾಗ ನಿಮ್ಮ ಕೈಯಲ್ಲೇ ಉಳಿಯಿತು.

ನಿಲ್ಲಲೇಬೇಕಾದರೆ ಬೇಗ ಶುರುಮಾಡಿ, ಮೆಲ್ಲಗೆ ಒತ್ತಿ. ಬ್ಯಾಟರಿ ಒಂದು ಮಿತಿಯ ವೇಗದಲ್ಲಷ್ಟೇ ಕರೆಂಟು ತೆಗೆದುಕೊಳ್ಳಬಲ್ಲದು. ಅದಕ್ಕಿಂತ ಜೋರಾಗಿ ಒತ್ತಿದರೆ ಮಿಕ್ಕದ್ದನ್ನು ಸಾಮಾನ್ಯ ಬ್ರೇಕ್ ಪ್ಯಾಡುಗಳು ಶಾಖವಾಗಿ ಕಳೆದುಬಿಡುತ್ತವೆ. ಡ್ಯಾಶ್‌ಬೋರ್ಡಿನ ಚಾರ್ಜ್ ಗೆರೆ ತುದಿ ಮುಟ್ಟದಂತೆ ಬ್ರೇಕ್ ಒತ್ತುವುದನ್ನು ಅಭ್ಯಾಸ ಮಾಡಿ. ಇದು ಹಿಂದೆ ಗಾಡಿಗಳು ಒತ್ತಿಕೊಂಡು ಬರದಿರುವಾಗಿನ ಮಾತು. ಯಾರಾದರೂ ಅಡ್ಡ ಬಂದರೆ ಮೈಲೇಜ್ ಮರೆತು ಬ್ರೇಕನ್ನು ಪೂರ್ತಿ ಒತ್ತಬೇಕು.

ಪ್ರಶ್ನೆ: ಮನೆಯಿಂದ ಮಗಳ ಶಾಲೆಗೆ ಎರಡು ಕಿ.ಮೀ. ಅಷ್ಟೇ. ಬ್ಯಾಟರಿ ತುಂಬಿದ್ದರೂ ಬೆಳಿಗ್ಗೆ ಹೊರಟ ತಕ್ಷಣ ಇಂಜಿನ್ ಓಡತೊಡಗುತ್ತದೆ. ಇದನ್ನು ತಡೆಯುವುದು ಹೇಗೆ?

ಉತ್ತರ: ತಡೆಯಬೇಡಿ ತಾಯಿ, ಅದು ಅಗತ್ಯವಾದ ಕೆಲಸ ಮಾಡುತ್ತಿದೆ. ಹೊಗೆಯ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರುಮಾಡಲು ಸುಮಾರು 250ರಿಂದ 300 ಡಿಗ್ರಿ ಬಿಸಿ ಬೇಕು. ಇಂಜಿನ್ ಸುತ್ತ ಹರಿಯುವ ಕೂಲೆಂಟ್ ದ್ರವ ಸಾಕಷ್ಟು ಬಿಸಿಯಾಗುವವರೆಗೆ ಕಾರು ಇಂಜಿನ್ನನ್ನು ನೆಮ್ಮದಿಯಿಂದ ಆರಿಸುವುದಿಲ್ಲ. ಹೈಬ್ರಿಡ್‌ನ ಲಾಭದಲ್ಲಿ ದೊಡ್ಡ ಪಾಲು ಇಂಜಿನ್ ಆರಿರುವ ಹೊತ್ತಿನಲ್ಲಿ ಇರುವುದರಿಂದ, ಎರಡು ಕಿ.ಮೀ. ಓಡಿ ನಿಂತುಬಿಡುವ ಗಾಡಿಗೆ ಆ ಲಾಭ ಸಿಗುವ ಮೊದಲೇ ಪ್ರಯಾಣ ಮುಗಿದಿರುತ್ತದೆ.

ಇದಕ್ಕಿರುವ ಪರಿಹಾರ ಓಡಾಟವನ್ನು ಜೋಡಿಸುವುದು. ಶಾಲೆ, ಬ್ಯಾಂಕು, ತರಕಾರಿ ಎಂದು ಮೂರು ಹೊತ್ತಿನಲ್ಲಿ ಮೂರು ಸಲ ಹೊರಡುವ ಬದಲು ಒಂದೇ ಸುತ್ತಿನಲ್ಲಿ ಮುಗಿಸಿ. ಸಾಧ್ಯವಾದರೆ ದೂರದ ಕೆಲಸಕ್ಕೆ ಮೊದಲು ಹೋಗಿ. ಇಂಜಿನ್ ಅಲ್ಲಿಗೆ ಹೋಗುವಷ್ಟರಲ್ಲಿ ಕಾಯ್ದಿರುತ್ತದೆ, ವಾಪಸು ಬರುವ ದಾರಿಯ ಸಣ್ಣ ನಿಲ್ದಾಣಗಳಲ್ಲಿ ಪೂರ್ತಿ ತಣಿಯುವುದಿಲ್ಲ. ಕಾಯಿಸಲೆಂದು ಮನೆ ಮುಂದೆ ನಿಲ್ಲಿಸಿ ಓಡಿಸುವುದು ಬೇಡ, ಹೊರಟು ಮೆಲ್ಲಗೆ ಓಡಿಸಿದರೇ ಬೇಗ ಕಾಯುತ್ತದೆ. ಚಳಿಯಲ್ಲಿ ಹೀಟರ್ ಹಾಕಿದರೆ ಸಾಮಾನ್ಯವಾಗಿ ಆ ಬಿಸಿಯೂ ಇಂಜಿನ್ನಿನಿಂದಲೇ ಬರಬೇಕು, ಅದಕ್ಕಾಗಿಯೇ ಇಂಜಿನ್ ಓಡುತ್ತಿರುತ್ತದೆ. ಸೀಟು ಬೆಚ್ಚಗಾಗುವ ಸೌಲಭ್ಯವಿದ್ದರೆ ಅದನ್ನು ಬಳಸಿ, ಹೀಟರನ್ನು ಸ್ವಲ್ಪ ಇಳಿಸಿ. ಎರಡು ಕಿ.ಮೀ.ಗೆ ನಡೆದು ಹೋಗುವ ದಾರಿ ಸುರಕ್ಷಿತವಾಗಿದ್ದರೆ ಅದಕ್ಕಿಂತ ಒಳ್ಳೆಯ ಮೈಲೇಜ್ ಯಾವ ಕಾರಿನಲ್ಲೂ ಇಲ್ಲ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಉಳಿತಾಯ ಆಗುತ್ತದೆಯೇ? ಗೇರ್ ಲಿವರಿನಲ್ಲಿರುವ ಬಿ ಎಂಬ ಸ್ಥಾನ ಯಾತಕ್ಕೆ?

ಉತ್ತರ: ನ್ಯೂಟ್ರಲ್ ಖಂಡಿತ ಬೇಡ. ಇಳಿಜಾರು ಪುಕ್ಕಟೆಯಾಗಿ ಕೊಡುವ ಕರೆಂಟು ಆಗ ಬ್ಯಾಟರಿಗೆ ಸೇರುವುದಿಲ್ಲ, ಗಾಡಿಯ ಮೇಲಿನ ಹಿಡಿತವೂ ಕಡಿಮೆಯಾಗುತ್ತದೆ. ಯಾವಾಗಲೂ ಓಡಿಸುವ ಡಿ ಸ್ಥಾನದಲ್ಲೇ ಇಟ್ಟು, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯಿರಿ. ಉದ್ದದ ಬೆಟ್ಟ ಇಳಿಯುವಾಗ ಬ್ಯಾಟರಿ ತುಂಬಿಹೋದರೆ ಬ್ರೇಕ್ ಅತಿಯಾಗಿ ಬಿಸಿಯಾಗುವುದನ್ನು ತಪ್ಪಿಸಲು ಬಿ ಇದೆ. ಹಲವು ಕಾರುಗಳಲ್ಲಿ ಅದು ಇಂಜಿನ್ನನ್ನೇ ತಿರುಗಿಸಿ ಶಕ್ತಿ ಕಳೆಯುತ್ತದೆ, ದಿನನಿತ್ಯ ಬಳಸಿದರೆ ನಷ್ಟ. ಕೆಲವು ಕಾರುಗಳಲ್ಲಿ ಅದೇ ಅಕ್ಷರಕ್ಕೆ ಹೆಚ್ಚು ಚಾರ್ಜ್ ಮಾಡುವ ಕೆಲಸ ಕೊಟ್ಟಿರುತ್ತಾರೆ. ನಿಮ್ಮ ಮ್ಯಾನ್ಯುಯಲ್ ನೋಡಿ ತೀರ್ಮಾನಿಸಿ.

ಪ್ರಶ್ನೆ: ಎಲ್ಲರೂ ಹೆದ್ದಾರಿಯಲ್ಲಿ ಮೈಲೇಜ್ ಹೆಚ್ಚು ಅನ್ನುತ್ತಾರೆ. ನನ್ನ ಹೈಬ್ರಿಡ್ ಊರೊಳಗೇ ಹೆಚ್ಚು ಕೊಡುತ್ತದೆ. ಕಳೆದ ಕೆಲವು ತಿಂಗಳಿಂದ ಊರೊಳಗೂ ಸ್ವಲ್ಪ ಇಳಿದಿದೆ.

ಉತ್ತರ: ಮೊದಲನೆಯದು ಹೈಬ್ರಿಡ್‌ನ ಸಹಜ ಗುಣ. ಹೆದ್ದಾರಿಯಲ್ಲಿ ಬ್ರೇಕಿನಿಂದ ಹಿಡಿಯಲು ಹೆಚ್ಚೇನೂ ಸಿಗುವುದಿಲ್ಲ, ಇಂಜಿನ್ ಬಹುಪಾಲು ಓಡುತ್ತಲೇ ಇರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಆ ತಡೆ ನೂರಕ್ಕೆ 56ರಷ್ಟು ಹೆಚ್ಚು. ಬಳಸದಿರುವಾಗಲೂ ಮೇಲೆ ಬಿಟ್ಟಿರುವ ಲಗೇಜ್ ಕ್ಯಾರಿಯರ್ ಇದಕ್ಕೆ ಮತ್ತಷ್ಟು ಸೇರಿಸುತ್ತದೆ, ಬಿಚ್ಚಿಡಿ.

ಎರಡನೆಯದಕ್ಕೆ ನಾನು ಮೊದಲು ಕೇಳುವುದು, ಈಚೆಗೆ ಟೈರ್ ಬದಲಿಸಿದಿರಾ ಎಂದು. ಕಾರಿನೊಂದಿಗೆ ಬಂದ ಟೈರುಗಳು ಸುಲಭವಾಗಿ ಉರುಳುವಂತೆ ಆರಿಸಿದವು. ಅವುಗಳ ಜಾಗಕ್ಕೆ ಅಗಲದ, ಹಿಡಿತ ಹೆಚ್ಚಿರುವ ಟೈರು ಬಂದರೆ ಮೈಲೇಜ್ ಇಳಿಯುತ್ತದೆ. ಮಾಲೀಕರು ಅದನ್ನು ಬ್ಯಾಟರಿಯ ತಪ್ಪೆಂದು ತಿಳಿಯುತ್ತಾರೆ. ಟೈರ್ ಗಾಳಿಯನ್ನು ಗಾಡಿ ಓಡುವ ಮೊದಲು, ತಣ್ಣಗಿರುವಾಗ ನೋಡಿ. ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿಯೇ ಪ್ರಮಾಣ, ಟೈರಿನ ಮೇಲೆ ಅಚ್ಚಾದ ಗರಿಷ್ಠ ಅಂಕಿ ಅಲ್ಲ.

ಇನ್ನೊಂದು ಜಾಗವನ್ನು ಬಹಳ ಜನ ನೋಡುವುದೇ ಇಲ್ಲ. ಅನೇಕ ಹೈಬ್ರಿಡ್‌ಗಳಲ್ಲಿ ಮೋಟರಿಗೆ ಕರೆಂಟು ಕೊಡುವ ಬ್ಯಾಟರಿಯನ್ನು ತಂಪಾಗಿಡಲು ಗಾಡಿಯೊಳಗಿನ ಗಾಳಿಯನ್ನೇ ಎಳೆಯುತ್ತಾರೆ. ಅದರ ಕಿಂಡಿ ಹಿಂದಿನ ಸೀಟಿನ ಪಕ್ಕ ಅಥವಾ ಕೆಳಗೆ ಇರುತ್ತದೆ. ಅಲ್ಲಿ ಚೀಲ ಒರಗಿಸಿದರೆ, ಫಿಲ್ಟರಿನಲ್ಲಿ ಧೂಳು, ನಾಯಿಯ ಕೂದಲು ಕಟ್ಟಿದರೆ, ಬ್ಯಾಟರಿ ಬಿಸಿಯಾಗುತ್ತದೆ. ಬಿಸಿಯಾದ ಬ್ಯಾಟರಿಯನ್ನು ಕಾಪಾಡಲು ಕಾರು ಅದರಿಂದ ತೆಗೆಯುವುದನ್ನೂ ಅದಕ್ಕೆ ತುಂಬುವುದನ್ನೂ ಕಡಿಮೆ ಮಾಡುತ್ತದೆ. ಬಿಸಿಲಿನಲ್ಲಿ ನಿಂತ ಗಾಡಿ ಹತ್ತಿದಾಗ ಮೊದಲು ಕಿಟಕಿ ಇಳಿಸಿ ಒಳಗಿನ ಕಾವು ಹೊರಗೆ ಹೋಗಲು ಬಿಡಿ, ಆಮೇಲೆ ಏಸಿ ಹಾಕಿ ಒಳಗಿನ ಗಾಳಿಯೇ ಸುತ್ತುವಂತೆ ಮಾಡಿ. ಸುಡುವ ಬಿಸಿಲಿನಲ್ಲಿ ಏಸಿ ಪೂರ್ತಿ ಬಂದ್ ಮಾಡಿ ಉಳಿಸುತ್ತೇನೆ ಎನ್ನುವುದು ನಿಮಗೂ ಬ್ಯಾಟರಿಗೂ ಹಿತವಲ್ಲ.

ಪ್ರಶ್ನೆ: ಕಂಪನಿ ಹೇಳುವುದು 28, ನನಗೆ ಬರುವುದು 23. ಮೋಸ ಹೋದೆನೇ? ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕಲೇ?

ಉತ್ತರ: ಕಂಪನಿಯ ಅಂಕಿ ಪ್ರಯೋಗಾಲಯದಲ್ಲಿ ರೋಲರ್ ಮೇಲೆ ಒಂದು ನಿಗದಿತ ಓಟದಲ್ಲಿ ಬಂದದ್ದು. ಯುರೋಪಿನಲ್ಲಿ 2017ರಿಂದ ಜಾರಿಗೆ ಬಂದ ಡಬ್ಲ್ಯುಎಲ್‌ಟಿಪಿ ಎಂಬ ಮೈಲೇಜ್ ಪರೀಕ್ಷೆಯನ್ನೇ ನೋಡಿ: ಮೂವತ್ತು ನಿಮಿಷ, 23 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ದೂರ, ಸರಾಸರಿ ವೇಗ ಗಂಟೆಗೆ ಸುಮಾರು 46 ಕಿ.ಮೀ. ನಿಮ್ಮ ದಾರಿ ಹಾಗಿಲ್ಲ. ಕಾರುಗಳನ್ನು ಹೋಲಿಸಲು ಆ ಅಂಕಿ ಉಪಯುಕ್ತ, ನಿಮ್ಮ ತಿಂಗಳ ಖರ್ಚು ಹೇಳಲು ಅಲ್ಲ. ನಿಮ್ಮದನ್ನು ಅಳೆಯಬೇಕಾದರೆ ಟ್ಯಾಂಕ್ ಫುಲ್ ಮಾಡಿಸಿ, ಮುಂದಿನ ಸಲ ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ದೂರವನ್ನು ಹಾಕಿದ ಲೀಟರಿನಿಂದ ಭಾಗಿಸಿ. ಒಂದೇ ಸಲದ್ದನ್ನು ನಂಬದೆ ಹಲವು ಸಲದ್ದನ್ನು ಕೂಡಿಸಿ ನೋಡಿ.

ಲೀಟರಿಗೆ ಇಷ್ಟು ಕಿ.ಮೀ. ಎಂಬ ಲೆಕ್ಕ ಮೇಲಕ್ಕೆ ಹೋದಂತೆ ನಮ್ಮನ್ನು ದಾರಿ ತಪ್ಪಿಸುತ್ತದೆ. 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ತಿರುಗಿಸಿ ನೋಡಿ. 15ರಿಂದ 18ಕ್ಕೆ ಏರಿದವರು 1.1 ಲೀಟರ್ ಉಳಿಸಿದರು. 25ರಿಂದ 28ಕ್ಕೆ ಏರಿದವರು ಉಳಿಸಿದ್ದು 0.43 ಲೀಟರ್ ಮಾತ್ರ. ಹಾಗಾಗಿ 23ರವರೆಗೆ ಬಂದಿರುವ ನೀವು ಇನ್ನೊಂದು ಅಂಕಿಗಾಗಿ ಹಿಂದಿನವರ ದಾರಿ ಕಟ್ಟುವುದು ಬೇಡ. ತಣ್ಣನೆಯ ಇಂಜಿನ್ನಿನ ಸಣ್ಣ ಓಡಾಟಗಳು ನಿಮ್ಮ ಲೆಕ್ಕದಲ್ಲಿ ಎಷ್ಟಿವೆ ನೋಡಿ, ದೊಡ್ಡ ಸೋರಿಕೆ ಅಲ್ಲಿರುತ್ತದೆ.

ಪೆಟ್ರೋಲ್ ವಿಷಯ: ಆಕ್ಟೇನ್ ಅಂದರೆ ಪೆಟ್ರೋಲ್ ಇಂಜಿನ್ನಿನೊಳಗೆ ಹೊತ್ತಿಗೆ ಮೊದಲೇ ಹತ್ತಿಕೊಳ್ಳದೆ ತಡೆಯುವ ಗುಣದ ಅಳತೆ, ಮ್ಯಾನ್ಯುಯಲ್ ಕೇಳಿದಷ್ಟೇ ಸಾಕು. ಹೆಚ್ಚಿನದಕ್ಕೆ ಕೊಡುವ ಹಣದಲ್ಲಿ ಒಂದು ಒಳ್ಳೆಯ ಟೈರ್ ಗೇಜ್ ಕೊಳ್ಳಿ, ಇಂಜಿನ್ ಆಯಿಲ್ ಮಾತ್ರ ಮ್ಯಾನ್ಯುಯಲ್ ಹೇಳಿದ ತೆಳುವಿನದ್ದನ್ನೇ ಹಾಕಿಸಿ.