ಮಳೆಗಾಲದಲ್ಲಿ ಏನು ಉಡಲಿ?

ಪ್ರಶ್ನೆ: ಸುರತ್ಕಲ್‌ನಿಂದ ಹಂಪನಕಟ್ಟೆಯ ಕಚೇರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಈಗ ಎಲ್ಲೆಡೆ ನೆಲ ಗುಡಿಸುವಷ್ಟು ಅಗಲದ ಜೀನ್ಸ್‌ನದೇ ಕಾಲ. ಮಳೆಗಾಲಕ್ಕೆ ಅದು ಸರಿಯೇ? ಕೈಮಗ್ಗದ ಸೀರೆಯನ್ನೂ ಉಡಬೇಕೆಂಬ ಆಸೆಯಿದೆ.
– ಓದುಗಿ, ಸುರತ್ಕಲ್

ಉತ್ತರ: ಜೀನ್ಸ್ ಚೆಂದವೇ, ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಕಪಾಟಿನಲ್ಲಿಡುವುದೇ ಲೇಸೆಂದು ನನ್ನ ಅಭಿಪ್ರಾಯ. ದಪ್ಪ ಹತ್ತಿಯ ಆ ಬಟ್ಟೆ ಒಮ್ಮೆ ನೆನೆದರೆ ಸಂಜೆಯವರೆಗೂ ಒಣಗದು. ಅಂಚು ಮೊಣಕಾಲಿನವರೆಗೂ ನೀರನ್ನು ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ ನಿಜ, ಆದರೆ ಈ ಸೆಕೆಗೆ ಮೈಗೆ ಅಂಟಿಕೊಳ್ಳುತ್ತದೆ. ತೆಳು ಹತ್ತಿಯ, ಹರಡಿಗಿಂತ ತುಸು ಮೇಲೆ ನಿಲ್ಲುವ ಪ್ಯಾಂಟು ಇವೆರಡಕ್ಕಿಂತ ಹಿತ.

ಸೀರೆಯ ಆಸೆಯನ್ನು ಖಂಡಿತ ಬಿಡಬೇಡಿ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ನೇಯುವ ಉಡುಪಿ ಸೀರೆ ಹಗುರವಾದ ಹತ್ತಿಯದು. ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕಿದೆ. ಆದರೆ ಈ ನಾಲ್ಕು ತಿಂಗಳು ಗಂಜಿ ಹಾಕಬೇಡಿ, ತೇವಕ್ಕೆ ಗಂಜಿ ಹಾಕಿದ ಮಡಿಕೆಯಲ್ಲೇ ಮೊದಲು ಬೂಷ್ಟು ಹಿಡಿಯುತ್ತದೆ. ಕಳೆದ ಆಟಿಯಲ್ಲಿ (ಜುಲೈ–ಆಗಸ್ಟ್‌ನ ತುಳು ತಿಂಗಳು) ನನ್ನ ಬಿಳಿ ಸೀರೆಯೊಂದರ ಫಾಲ್‌ಗೆ ಸಿಡಿದ ಮುರಕಲ್ಲಿನ ಕೆಂಪು ನೀರು ಮೂರು ಸಲ ಒಗೆದರೂ ಹೋಗಲಿಲ್ಲ. ಆದ್ದರಿಂದ ಕಂದು, ಕಡುಗೆಂಪು, ಕಡುಹಸಿರು ಬಣ್ಣಗಳನ್ನೇ ಆರಿಸಿ, ನೆರಿಗೆಯನ್ನು ಒಂದು ಬೆರಳಿನಷ್ಟು ಎತ್ತರಿಸಿ ಉಡಿ. ತಿಳಿಬಣ್ಣದ ಸೀರೆಗಳನ್ನು ನವರಾತ್ರಿಯ ಬಿಸಿಲಿಗೆ ಹೊರತೆಗೆದರಾಯಿತು.