ಬಾಲ್ ಪೈಥಾನ್ ತಲೆ ತಿರುಚುವುದು: ವಂಶವಾಹಿಯೋ, ವೈರಾಣುವೋ?

ಮಾನ್ಯರೇ, ಜಮಖಂಡಿಯಲ್ಲಿ ನೀವು ನೋಂದಾಯಿಸಿ ಸಾಕಿರುವ ಸ್ಪೈಡರ್ ಬಗೆಯ (ಜೇಡರ ಬಲೆಯಂಥ ಮೈಬಣ್ಣಕ್ಕಾಗಿ ತಳಿ ಮಾಡಿದ) ಬಾಲ್ ಪೈಥಾನ್ ಎಂಬ ಸಣ್ಣ ಆಫ್ರಿಕನ್ ಹೆಬ್ಬಾವು ಇಲಿಯ ಮೇಲೆ ಎರಗುವಾಗ ತಲೆ ತಿರುಚಿ ಗುರಿ ತಪ್ಪುತ್ತಿದೆ, ಇದು ವೈರಾಣು ರೋಗವೇ ಎಂದು ಕೇಳಿದ್ದೀರಿ. ಮರಿಯಾಗಿದ್ದಾಗಿನಿಂದಲೂ ಹೀಗೆಯೇ ಇದ್ದರೆ ಅದು ಬಹುತೇಕ ಆ ಬಣ್ಣದ ಜೊತೆಗೇ ಬಂದ ದೋಷ. ಸ್ಪೈಡರ್ ಹಾವುಗಳ ಒಳಕಿವಿಯಲ್ಲಿ ಸಮತೋಲ ಕಾಯುವ ಅರೆವೃತ್ತ ನಾಳಗಳು ವಿಕಾರಗೊಂಡಿರುವುದನ್ನು 2022ರಲ್ಲಿ ಪ್ರಕಟವಾದ ಸೂಕ್ಷ್ಮ ಸಿಟಿ ಚಿತ್ರಗಳು ತೋರಿಸಿವೆ. ಇದಕ್ಕೆ ಔಷಧವಿಲ್ಲ. ಗುಣವು ಪ್ರಬಲವಾದ್ದರಿಂದ (ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಕಾಣಿಸಿಕೊಳ್ಳುವುದರಿಂದ) ಸಾಮಾನ್ಯ ಹಾವಿನೊಂದಿಗೆ ಕೂಡಿಸಿದರೂ ಸುಮಾರು ಅರ್ಧ ಮರಿಗಳಿಗೆ ದಾಟುತ್ತದೆ. ಚೆಂದದ ಮೈಬಣ್ಣಕ್ಕಾಗಿ ಇಂಥದ್ದನ್ನು ತಳಿ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ.

ಮೊನ್ನೆಯವರೆಗೆ ನೆಟ್ಟಗಿದ್ದ ಹಾವು ಈಗ ತಲೆ ಹೊರಳಿಸುತ್ತಿದ್ದರೆ ಮಾತು ಬೇರೆ. (ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ ಪೆಟ್ಟಿಗೆ ಕಾದರೂ ಹೀಗಾಗುವುದುಂಟು, ಮೊದಲು ಥರ್ಮಾಮೀಟರ್ ನೋಡಿರಿ.) ಆಗ ವೈರಾಣುವನ್ನೂ ಅನುಮಾನಿಸಬೇಕು. ಜೀವಕೋಶಗಳೊಳಗೆ ಪ್ರೋಟೀನ್ ಮುದ್ದೆಗಳು ಕಟ್ಟುವ, ಹಾವುಗಳ ಇನ್‌ಕ್ಲೂಷನ್ ಬಾಡಿ ರೋಗದೊಂದಿಗೆ ಅರೀನಾ ವೈರಾಣುಗಳ ನಂಟು 2012ರಲ್ಲಿ ಪತ್ತೆಯಾಯಿತು, ಬೋವಾಗಳು (ಹೆಬ್ಬಾವನ್ನು ಹೋಲುವ ಇನ್ನೊಂದು ಬಗೆಯ ಹಾವುಗಳು) ಅದನ್ನು ವರ್ಷಗಟ್ಟಲೆ ಲಕ್ಷಣವಿಲ್ಲದೆ ಹೊತ್ತಿರಬಲ್ಲವು, ಪೈಥಾನ್‌ಗಳಲ್ಲಿ ಮಾತ್ರ ನರಮಂಡಲ ಬೇಗ ಕೆಡುತ್ತದೆ. ಆದ್ದರಿಂದ ಅದೇ ಕೋಣೆಯಲ್ಲಿ ಬೋವಾ ಇದ್ದರೆ ಇಂದೇ ಬೇರ್ಪಡಿಸಿರಿ. ಬಾಯಲ್ಲಿ ಅಂಟು ಲೋಳೆ ಕಂಡು, ಹಾವು ಬಾಯಿ ತೆರೆದು ಉಸಿರಾಡುತ್ತಿದ್ದರೆ, 2014ರಲ್ಲಿ ವರದಿಯಾದ, ಉಸಿರಾಟದ ಅಂಗಗಳನ್ನು ಕಾಡುವ ನಿಡೋ ವೈರಾಣುವನ್ನು ಅನುಮಾನಿಸಿ, ಪಶುವೈದ್ಯರಿಂದ ಬಾಯಿಯ ದ್ರವ ತೆಗೆಸಿ ಪಿಸಿಆರ್ ಪರೀಕ್ಷೆಗೆ ಕಳಿಸಿರಿ.