ಕಾಡಿನ ಕಾಯಿ ಕೀಳುವ ಹೊತ್ತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಸುತ್ತಿನ ಕಾಡಿನಲ್ಲಿ ಉಪ್ಪಾಗೆ ಮರದ ಕಾಯಿಯನ್ನು ಹಸಿರಿರುವಾಗಲೇ ಕೊಂಬೆ ಸಮೇತ ಕಡಿದು ಒಯ್ಯುತ್ತಾರೆ. ಕೆಲವು ವರ್ಷ ಸಂಗ್ರಹವನ್ನೇ ನಿಷೇಧಿಸುವುದು ಸರಿಯಲ್ಲವೇ?
– ಓದುಗರೊಬ್ಬರು, ಉತ್ತರ ಕನ್ನಡ

ಉತ್ತರ: ನಿಮ್ಮ ಕಳವಳ ನ್ಯಾಯವಾದದ್ದೇ, ಆದರೆ ನಿಷೇಧ ಅದಕ್ಕೆ ಮದ್ದೆಂದು ನನಗೆ ಅನ್ನಿಸುವುದಿಲ್ಲ. ಅಡುಗೆಯ ಹುಳಿಗೆ ಮತ್ತು ಬೀಜದಿಂದ ತೆಗೆಯುವ ತುಪ್ಪಕ್ಕೆ ಬಳಕೆಯಾಗುತ್ತಿದ್ದ ಉಪ್ಪಾಗೆಗೆ 1990ರ ದಶಕದಲ್ಲಿ, ಅದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಇಳಿಸುತ್ತದೆಂಬ ಪ್ರಚಾರದಿಂದಾಗಿ ಪರದೇಶಗಳ ಬೇಡಿಕೆ ಬಂತು. ಹಾಗೆ ಬೆಲೆ ಏರಿದಾಗ, ಹಣ್ಣಾಗಲೆಂದು ಕಾದವನಿಗೆ ಏನೂ ಸಿಗದೆ, ಮೊದಲು ಮರ ಹತ್ತಿದವನಿಗೆ ಎಲ್ಲವೂ ಸಿಗುವ ಪರಿಸ್ಥಿತಿ ಹುಟ್ಟಿತು. ಎಳೆಕಾಯಿಯಲ್ಲಿ ಸಿಪ್ಪೆಯ ತೂಕ ಕಡಿಮೆಯೆಂದೂ ಅದರ ಬೀಜ ಮೊಳೆಯುವುದಿಲ್ಲವೆಂದೂ ಕೊಯ್ಯುವವರಿಗೆ ಗೊತ್ತಿಲ್ಲವೆಂದು ಭಾವಿಸಬೇಡಿ. ಅದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ತಾನು ಬಿಟ್ಟ ಕಾಯಿ ಮುಂದಿನ ವಾರವೂ ತನ್ನದೇ ಎಂಬ ಭರವಸೆ ಅವರಿಗಿಲ್ಲ, ಅಷ್ಟೇ. ಟೆಂಡರಿನಲ್ಲಿ ಗುತ್ತಿಗೆ ಹಿಡಿದವನಿಗಂತೂ ಅವಧಿ ಮುಗಿಯುವುದರೊಳಗೆ ಮಾಲು ಸೇರಿದರೆ ಸಾಕು, ಆಮೇಲೆ ಮರ ಏನಾದರೂ ಆಗಲಿ.

ಯಾವ ಮರ ಯಾವ ಮನೆಯವರ ಪಾಲು ಎಂದು ಊರಿನವರೇ ಕೂತು ತೀರ್ಮಾನಿಸಿಕೊಂಡಲ್ಲಿ ಕೊಯ್ಲಿನ ಕ್ರಮ ತಾನಾಗಿಯೇ ಬದಲಾಗುತ್ತದೆ. ಕಾಯಿ ಹಳದಿಗೆ ತಿರುಗುವವರೆಗೆ ಕಾದು, ಉದುರಿದ್ದನ್ನು ಆಯ್ದು, ಸಿಪ್ಪೆಯನ್ನು ಅಲ್ಲೇ ಬಿಡಿಸಿಕೊಂಡು, ಬೀಜದ ಒಂದು ಪಾಲನ್ನು ಕಾಡಿನಲ್ಲೇ ಚೆಲ್ಲಿ ಬರುವುದು ಕಷ್ಟದ ಕೆಲಸವೇನಲ್ಲ. ಕಷ್ಟವಿರುವುದು ಒಣಗಿಸುವುದರಲ್ಲಿ. ಹಣ್ಣು ಬರುವುದು ಮಳೆಗಾಲದಲ್ಲಾದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು, ಮತ್ತು ಅದಕ್ಕೆ ಬೇಕಾಗುವ ರಾಶಿ ಸೌದೆಯೂ ಅದೇ ಕಾಡಿನಿಂದ ಬರುತ್ತದೆ. ಕಡಿಮೆ ಸೌದೆ ಬೇಡುವ ಸುಧಾರಿತ ಒಲೆಗಳಿಗೆ ಸಹಾಯಧನ ಕೊಡುವುದು ಕಾವಲುಗಾರರನ್ನು ಹೆಚ್ಚಿಸುವುದಕ್ಕಿಂತ ಮೇಲು.

ನಿಷೇಧದ ಫಲವನ್ನು ಬಿಳಿಗಿರಿರಂಗನ ಬೆಟ್ಟದಲ್ಲಿ ನೋಡಿದ್ದೇವೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ನಂತರ ಅಲ್ಲಿ ಮಾರಾಟಕ್ಕಾಗಿ ನೆಲ್ಲಿಕಾಯಿ, ಜೇನು, ಕಲ್ಲುಹೂವು ಸಂಗ್ರಹಿಸುವುದು ನಿಂತಿತು, ಅಲ್ಲಿನ ಬುಡಕಟ್ಟಿನವರಾದ ಸೋಲಿಗರ ನಗದು ಆದಾಯದ ದೊಡ್ಡ ಭಾಗವೂ ಅದರೊಂದಿಗೆ ಹೋಯಿತು. ಆದರೆ ನೆಲ್ಲಿ ಮರಗಳ ಮೇಲೆ ಬೆಳೆದು ಅವನ್ನು ಒಣಗಿಸುವ ಬದನಿಕೆ ಎಂಬ ಪರಾವಲಂಬಿ ಗಿಡವಾಗಲಿ ಕಾಡನ್ನೆಲ್ಲ ಆವರಿಸಿದ ಲಂಟಾನ ಕಳೆಯಾಗಲಿ ನಿಷೇಧದಿಂದ ಹಿಂದೆ ಸರಿಯಲಿಲ್ಲ. ಬೇಸಗೆಯ ಆರಂಭದಲ್ಲಿ ನೆಲದ ಎಲೆಯನ್ನಷ್ಟೇ ಸುಡುತ್ತಿದ್ದ ತರಗು ಬೆಂಕಿಯನ್ನು ನಿಲ್ಲಿಸಿದ್ದೇ ಈ ಎರಡೂ ಹೆಚ್ಚಲು ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ, ಮತ್ತು ಸಂಶೋಧಕರೂ ಆ ಮಾತನ್ನು ತಳ್ಳಿಹಾಕಿಲ್ಲ. 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆತದ್ದು, ನನ್ನ ಮಟ್ಟಿಗೆ, ಆ ಕಾಡಿಗೂ ಒಳ್ಳೆಯದೇ ಆಯಿತು.

ಪ್ರಶ್ನೆ: ಸಂಗ್ರಹಿಸಿದ್ದನ್ನು ಮಾರುವ ಹಕ್ಕು ನಿಜಕ್ಕೂ ನಮಗಿದೆಯೇ? ಸಾಗಿಸುವಾಗ ತಡೆಯುತ್ತಾರೆ.
– ಓದುಗರೊಬ್ಬರು, ಚಾಮರಾಜನಗರ

ಉತ್ತರ: ಹಕ್ಕು ಮಾನ್ಯವಾಗಿದ್ದರೆ, ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಸಿ) ಉಪಬಂಧವು ಪಾರಂಪರಿಕವಾಗಿ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಒಡೆತನ, ಬಳಕೆ ಮತ್ತು ಮಾರಾಟದ ಹಕ್ಕನ್ನು ಕೊಡುತ್ತದೆ. ಬಿದಿರು, ಬೆತ್ತ, ಜೇನು, ಮೇಣ, ಅರಗು, ಔಷಧಿ ಸಸ್ಯ, ಗೆಡ್ಡೆಗಳೆಲ್ಲ ಅದರಲ್ಲಿ ಸೇರಿವೆ. 2012ರಲ್ಲಿ ನಿಯಮಗಳಿಗೆ ಆದ ತಿದ್ದುಪಡಿಯ ಪ್ರಕಾರ ಸಾಗಣೆ ಪರವಾನಗಿಯನ್ನು ಕೊಡಬೇಕಾದದ್ದು ಗ್ರಾಮಸಭೆಯ ಸಮಿತಿ ಅಥವಾ ಗ್ರಾಮಸಭೆ ಅಧಿಕಾರ ಕೊಟ್ಟ ವ್ಯಕ್ತಿ. ಆದ್ದರಿಂದ ಹಕ್ಕುಪತ್ರದ ನಕಲಿನೊಂದಿಗೆ ಆ ಪರವಾನಗಿಯನ್ನೂ ಇಟ್ಟುಕೊಂಡು ಹೊರಡಿ. ಇದೇ ಕಾಯ್ದೆಯ 5ನೆಯ ಕಲಂ ಕಾಡು, ಜೀವಿವೈವಿಧ್ಯ ಮತ್ತು ಜಲಮೂಲಗಳನ್ನು ಕಾಯುವ ಹೊಣೆಯನ್ನೂ ಗ್ರಾಮಸಭೆಗೆ ವಹಿಸಿದೆ ಎಂಬುದನ್ನು ಸಭೆಗಳಲ್ಲಿ ಅಷ್ಟಾಗಿ ಯಾರೂ ಓದಿ ಹೇಳುವುದಿಲ್ಲ.

ಪ್ರಶ್ನೆ: ಹೆಜ್ಜೇನು ಕೀಳುವಾಗ, ಮಾಗಳಿ ಬೇರು ಅಗೆಯುವಾಗ ಎಷ್ಟನ್ನು ಬಿಡಬೇಕು?
– ಓದುಗರೊಬ್ಬರು, ಕೊಳ್ಳೇಗಾಲ

ಉತ್ತರ: ಹೆಜ್ಜೇನಿನ ಒಂದೇ ತಟ್ಟಿಯಲ್ಲಿ ತುಪ್ಪವು ಕೊಂಬೆಗೆ ಅಂಟಿದ ಮೇಲ್ಭಾಗದಲ್ಲಿ ಉಬ್ಬಿ ನಿಂತಿರುತ್ತದೆ, ಮರಿಗಳು ಕೆಳಗಿರುತ್ತವೆ. ತುಪ್ಪದ ಭಾಗವನ್ನಷ್ಟೇ ಕೊಯ್ದು ಮರಿಗಳ ಭಾಗವನ್ನು ಉಳಿಸಿ, ಜೊತೆಗೆ ಒಂದೇ ಮರದ ಎಲ್ಲ ತಟ್ಟಿಗಳಿಗೂ ಕೈಹಾಕದಿರಿ. ಇಡೀ ತಟ್ಟಿಯನ್ನು ಹಿಂಡಿದರೆ ಮರಿಗಳ ರಸ ಸೇರಿ ತುಪ್ಪ ಬೇಗ ಹುಳಿಯುತ್ತದೆ, ಬೆಲೆಯೂ ಇಳಿಯುತ್ತದೆ.

ಬೇರಿಗೆ ಈ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಹಣ್ಣು ಕಿತ್ತರೆ ಮರ ಉಳಿಯುತ್ತದೆ, ಬೇರು ಪೂರ್ತಿ ಕಿತ್ತರೆ ಬಳ್ಳಿಯೇ ಹೋಗುತ್ತದೆ. ಬಲಿತ ಬಳ್ಳಿಯ ಬುಡದಲ್ಲಿ ಒಂದೆರಡು ಪಕ್ಕದ ಬೇರುಗಳನ್ನು ಮಾತ್ರ ಕತ್ತರಿಸಿ, ಮಣ್ಣು ಮುಚ್ಚಿ, ಕೆಲವು ವರ್ಷ ಅದರ ತಂಟೆಗೆ ಹೋಗಬಾರದು. ಹೀಗೆ ತೆಗೆದದ್ದು ಮನೆಯ ಉಪ್ಪಿನಕಾಯಿಗೆ ಸಾಕಾದೀತು, ಪೇಟೆಯ ಬೇಡಿಕೆಗೆ ಖಂಡಿತ ಸಾಲದು. ಪೇಟೆಗೆಂದು ಬೇಕಾದವರು ಮಾಗಳಿಯನ್ನು ಹೊಲದ ಬದುವಿನಲ್ಲಿ ಬೀಜದಿಂದ ಬೆಳೆಸಿಕೊಳ್ಳಬೇಕು, ಮತ್ತು ಆ ಬೀಜಕ್ಕಾಗಿ ಕಾಡಿನ ಕೆಲವು ಬಳ್ಳಿಗಳನ್ನು ಮುಟ್ಟದೆ ಬಿಡುವುದೆಂದು ಗ್ರಾಮಸಭೆಯಲ್ಲೇ ಮೊದಲು ತೀರ್ಮಾನವಾಗಬೇಕು.